ಮದ್ರಾಸೋ, ಮೈಸೂರೋ

ದೊಡ್ಡ ಮಾಷ್ಟ್ರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಸಿದ್ಧಕಟ್ಟೆಯ ಸಂತೆಯಲ್ಲಿ, ಮೀನಿನ ಬುಟ್ಟಿಯ ಎದುರು. ಬಂಗುಡೆ ಆರಿಸುತ್ತಾ ಇದ್ದೆ. ಮೀನು ಮಾರುವವ ನಮ್ಮ ಮೂಡುಬಿದಿರೆಯ ಶಾಲೆಯಲ್ಲಿ ಓದಿದವ. ತೂಗುತ್ತಿದ್ದ ಕೈ ನಿಲ್ಲಿಸಿ, "ನಮ್ಮ ಇಂಗ್ಲಿಷ್ ಮಾಷ್ಟ್ರು ಹೋದ್ರಂತೆ ಸರ್, ಬಂಟ್ವಾಳದಲ್ಲಿ. ದೇವರಂಥ ಜನ. ನಾನಿವತ್ತು ಹೊಟ್ಟೆ ತುಂಬ ಉಣ್ಣುವುದು ಅವರು ತೋರಿಸಿದ ದಾರಿಯಿಂದ" ಎಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನನ್ನ ಕಣ್ಣಲ್ಲಿ ಇರಲಿಲ್ಲ. ದಾರಿ ನನಗೂ ತೋರಿಸಿದ್ದರು ಮಾರಾಯ್ರೆ. ಆ ದಾರಿಯಲ್ಲಿ ನಡೆದೇ ನಾನು ಸಿದ್ಧಕಟ್ಟೆಗೆ ಬಂದು ಮುಟ್ಟಿದ್ದು.

ಸಂತಾಪ ಸಭೆಯಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ ಆಗಿದೆ. ಮಾರ್ಗದರ್ಶಕರು ಎಂದರು, ನಂದಾದೀಪ ಎಂದರು, ತುಂಬಲಾರದ ನಷ್ಟ ಎಂದರು. ಹಾರ ಹಾಕಿದ ಫೋಟೋದಲ್ಲಿ ಅವರು ಎಂದಿನಂತೆ ನಮ್ಮ ಯಾರನ್ನೂ ನೋಡದೆ ನಮ್ಮ ತಲೆಯ ಮೇಲಿಂದ ದೂರ ನೋಡುತ್ತಿದ್ದರು. ಸಭೆಯಲ್ಲಿ ಯಾರೂ ಹೇಳದೆ ಉಳಿದದ್ದನ್ನು ನಾನು ಇಲ್ಲಿ ಹೇಳಿಬಿಡುತ್ತೇನೆ.

ಅವರು ಬಂಟ್ವಾಳದವರು. ಸೋಮವಾರ ಬೆಳಗ್ಗಿನ ಬಸ್ಸಿನಲ್ಲಿ ಮೂಡುಬಿದಿರೆಗೆ ಬಂದರೆ ಶನಿವಾರ ಮಧ್ಯಾಹ್ನದ ಬಸ್ಸಿನಲ್ಲಿ ವಾಪಸು. ನಡುವಿನ ದಿನಗಳಲ್ಲಿ ಬಸದಿಗೆ ಹೋಗುವ ಬೀದಿಯಲ್ಲಿ ಒಂದು ಬಾಡಿಗೆ ಕೋಣೆ. ಕಚ್ಚೆ ಪಂಚೆ, ಮುಚ್ಚುಗೊರಳಿನ ಕೋಟು, ಹೆಗಲ ಮೇಲೆ ಶಾಲು, ಕೋಟಿನ ಕಿಸೆಯಲ್ಲಿ ನಸ್ಯದ ಡಬ್ಬಿ. ಮದ್ರಾಸು ಸರ್ಕಾರದ ಕಾಲದಿಂದ ನಮ್ಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳುತ್ತಿದ್ದ ಹಿರಿಯ ಮಾಷ್ಟ್ರು ಅವರು. ಹೆಡ್‌ಮಾಷ್ಟ್ರು ಬೇರೆ ಇದ್ದರು, ಆದರೆ 'ದೊಡ್ಡ ಮಾಷ್ಟ್ರು' ಅಂದರೆ ಇವರೇ. ಶಾಲೆಯ ಮ್ಯಾನೇಜರು ಊರಿನ ದೊಡ್ಡ ಜಮೀನ್ದಾರರು. ಬಾವಿಗೆ ಹಗ್ಗ ಬದಲಿಸುವುದಿದ್ದರೂ ಇವರನ್ನು ಕೇಳದೆ ಬದಲಿಸುತ್ತಿರಲಿಲ್ಲ.

ಇನ್ನೊಂದು ಮುಖ್ಯ ವಿಷಯ ಉಂಟು. ದೊಡ್ಡ ಮಾಷ್ಟ್ರು ತಾಳಮದ್ದಳೆಯ ಅರ್ಥಧಾರಿ. ಹೊರಗಿನವರಿಗೆ ತಿಳಿಯಲಿ ಅಂತ ಹೇಳುತ್ತೇನೆ: ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅಂಗಿ ಪಂಚೆಯಲ್ಲಿ ಎದುರುಬದುರು ಕೂತ ಇಬ್ಬರು ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಆ ಮಾತಿಗೇ 'ಅರ್ಥ' ಎನ್ನುವುದು. ಈ ವಾರ ಸಂಧಿ ಬೇಕೆನ್ನುವ ರಾಯಭಾರಿಯಾಗಿ ಜನರನ್ನು ಅಳಿಸಿದವರೇ ಮುಂದಿನ ವಾರ ಸಂಧಿ ಬೇಡವೆನ್ನುವ ಅರಸನಾಗಿ ಅದೇ ಜನರಿಂದ ಭೇಷ್ ಅನ್ನಿಸಿಕೊಳ್ಳಬೇಕು. ಯಾವ ಕಡೆ ಸಿಕ್ಕಿತೋ ಆ ಕಡೆಯನ್ನು ಗೆಲ್ಲಿಸಬೇಕು. ಅದು ವಿದ್ಯೆ, ನಾನು ಅಲ್ಲಗಳೆಯುವುದಿಲ್ಲ. ದೊಡ್ಡ ಮಾಷ್ಟ್ರು ಆ ವಿದ್ಯೆಯಲ್ಲಿ ಪಳಗಿದವರು. ಅವರ ಸ್ವರ ಎಷ್ಟು ಚಂದ ಇತ್ತೆಂದರೆ, ಅವರು ಬಸ್ಸಿನ ಟೈಮು ಹೇಳಿದರೂ ಕೇಳಬೇಕೆನ್ನಿಸುತ್ತಿತ್ತು.

ಕಷ್ಟ ಎಂಥದು ಅಂದರೆ, ಅವರು ತಾಳಮದ್ದಳೆ ಮುಗಿಸಿ ಏಳುತ್ತಲೇ ಇರಲಿಲ್ಲ. ಪಾಠದಲ್ಲಿ ಒಬ್ಬ ಕಳ್ಳ ಬಂದ ಅಂತ ಇಟ್ಟುಕೊಳ್ಳಿ. ಯಾವನೋ ಹುಡುಗ ಎದ್ದು "ಕಳ್ಳ ಮಾಡಿದ್ದು ತಪ್ಪು ಸರ್" ಎಂದರೆ ಮುಗಿಯಿತು. ಶಾಲು ಎಡ ಹೆಗಲಿಂದ ಬಲ ಹೆಗಲಿಗೆ ಹೋಗುತ್ತಿತ್ತು, ಎರಡು ಬೆರಳು ಮೇಜಿನ ಮೇಲೆ ಟಕ್ ಟಕ್ ಅನ್ನುತ್ತಿತ್ತು, "ಹ್ಹೋ! ಹಾಗೋ? ಹಾಗಾದರೆ ಕೇಳು!" ಆ ಪೀರಿಯಡ್ ಇಡೀ ಕಳ್ಳನ ಪರವಾಗಿ ಇಂಗ್ಲಿಷಿನಲ್ಲಿ ವಾದ. ಮಕ್ಕಳಿಗೆ ಇಂಗ್ಲಿಷ್ ಎಷ್ಟು ಬಂತೋ ದೇವರಿಗೆ ಗೊತ್ತು, ಕಳ್ಳನ ಮೇಲೆ ಮಾತ್ರ ಗೌರವ ಬರುತ್ತಿತ್ತು.

ಒಮ್ಮೆ ಬಂದ ಇನ್‌ಸ್ಪೆಕ್ಟರು ಇಂಗ್ಲಿಷನ್ನು ಕನ್ನಡದ ಸಹಾಯವೇ ಇಲ್ಲದೆ ಕಲಿಸಬೇಕು ಎಂದರು. ದೊಡ್ಡ ಮಾಷ್ಟ್ರು ಕನ್ನಡದ ಪರ ನಿಂತು ಅವರ ಬಾಯಿ ಮುಚ್ಚಿಸಿ ಕಳಿಸಿದರು. ಮರುವರ್ಷ ಬಂದವರು ಕನ್ನಡದ ಮೂಲಕವೇ ಕಲಿಸಿ ಎಂದರು. ಇವರು ಕನ್ನಡವನ್ನು ತರಗತಿಯಿಂದ ಹೊರಗೆ ಅಟ್ಟುವವರೆಗೆ ಬಿಡಲಿಲ್ಲ. ಇಬ್ಬರೂ ಇನ್‌ಸ್ಪೆಕ್ಟರುಗಳು ಹೋಗುವಾಗ ಕೈ ಮುಗಿದೇ ಹೋದರು. ನಾವು ಕಿರಿಯರು ಬಾಗಿಲ ಸಂದಿಯಲ್ಲಿ ನಿಂತು, ಎಂಥಾ ಪಾಂಡಿತ್ಯ ಅಂತ ತಲೆದೂಗಿದೆವು. ಎರಡನೆಯ ಸಲ ತಲೆದೂಗುವಾಗ ಮೊದಲನೆಯದು ನಮಗೆ ನೆನಪಾಗಬೇಕಿತ್ತು, ಆಗಲಿಲ್ಲ.

ಈಗ ನನ್ನ ಕತೆಗೆ ಬರುತ್ತೇನೆ. ಬಿ.ಎ. ಪಾಸಾಗಿ ಅದೇ ಶಾಲೆಯಲ್ಲಿ ನಾನು ಕೆಳಗಿನ ತರಗತಿಗಳಿಗೆ ಇಂಗ್ಲಿಷ್ ಹೇಳುತ್ತಿದ್ದೆ. ಟ್ರೈನಿಂಗ್ ಆಗಿರಲಿಲ್ಲ. ಟ್ರೈನಿಂಗ್ ಇಲ್ಲದ ಮಾಷ್ಟ್ರನ್ನು ಆಗ ಜೂನಿನಲ್ಲಿ ಸೇರಿಸಿಕೊಂಡು ಎಪ್ರಿಲಿನಲ್ಲಿ ಮನೆಗೆ ಕಳಿಸುವುದು ವಾಡಿಕೆ. ರಜೆಯ ಸಂಬಳ ಉಳಿಯುತ್ತದಲ್ಲ. ಮತ್ತೆ ಜೂನಿನಲ್ಲಿ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೆಳ್ತಂಗಡಿಯಲ್ಲಿ ನನ್ನ ಸೋದರಮಾವ ಇದ್ದರು. ಅವರ ಮಗಳನ್ನು ನನಗೇ ಕೊಡುವುದೆಂದು ಮೊದಲಿನಿಂದ ಮಾತು. ಹುಡುಗಿಗೂ ಮನಸ್ಸಿತ್ತು, ನನಗಂತೂ ಅವಳ ವಿನಾ ಬೇರೆ ಯೋಚನೆಯೇ ಇರಲಿಲ್ಲ. ಆದರೆ ಮಾವ ಪ್ರತಿ ಎಪ್ರಿಲಿನಲ್ಲಿ ನಾನು ಪೆಟ್ಟಿಗೆ ಹಿಡಿದು ಬೆಳ್ತಂಗಡಿಯಲ್ಲಿ ಬಸ್ಸಿಂದ ಇಳಿಯುವುದನ್ನು ನೋಡಿ, "ಪರ್ಮನೆಂಟ್ ಆಗ್ಲಿ. ಮತ್ತೆ ನೋಡುವ" ಎನ್ನುತ್ತಿದ್ದರು. ಹಾಗಾಗಿ ಟ್ರೈನಿಂಗ್ ಅನ್ನುವುದು ನನಗೆ ಬರೀ ಟ್ರೈನಿಂಗ್ ಆಗಿರಲಿಲ್ಲ.

ನಮ್ಮ ಜಿಲ್ಲೆ ಮದ್ರಾಸಿನಿಂದ ಕಳಚಿ ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲ ಆಗಿರಲಿಲ್ಲ. ಹಳಬರಿಗೆ ಮದ್ರಾಸಿನ ಬಿ.ಟಿ. ಅಂದರೇ ಡಿಗ್ರಿ. ಹೊಸಬರು ಮೈಸೂರಿನ ಬಿ.ಎಡ್. ಅನ್ನುತ್ತಿದ್ದರು. ನಾನು ಎರಡೂ ಕಡೆ ಅರ್ಜಿ ಹಾಕಿದ್ದೆ. ನನ್ನ ಗ್ರಹಚಾರಕ್ಕೆ ಎರಡೂ ಕಡೆ ಸೀಟು ಸಿಕ್ಕಿತು. ಒಂದೇ ಕಡೆ ಸಿಕ್ಕಿದ್ದರೆ ಈ ಕತೆಯೇ ಇಲ್ಲ. ನನ್ನ ಮನಸ್ಸು ಮೈಸೂರಿನ ಕಡೆಗಿತ್ತು, ಅಲ್ಲಿ ಚಿಕ್ಕಪ್ಪನ ಮನೆಯಲ್ಲಿ ಊಟಕ್ಕೆ ತೊಂದರೆ ಇರಲಿಲ್ಲ. ಆದರೂ ದೊಡ್ಡ ಮಾಷ್ಟ್ರನ್ನು ಒಂದು ಮಾತು ಕೇಳದೆ ಹೋಗುವುದು ಸರಿಯಲ್ಲ ಅಂತ, ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋದೆ. ಸಂಜೆ ಚಾ ಕುಡಿಯುತ್ತ ಅವರು ಅಲ್ಲಿ ಕೂರುತ್ತಿದ್ದರು.

"ಮಾಷ್ಟ್ರೇ, ಟ್ರೈನಿಂಗಿಗೆ ಮೈಸೂರಿಗೆ ಹೋಗುವ ಅಂತ ಉಂಟು. ನೀವು ಎಂಥ ಹೇಳ್ತೀರಿ?" ಎಂದೆ.

ಶಾಲು ಹೆಗಲು ಬದಲಿಸಿತು. ಮೇಜು ಟಕ್ ಟಕ್ ಎಂದಿತು. ಪಕ್ಕದ ಮೇಜಿನವರು ದೋಸೆ ಬಿಟ್ಟು ತಿರುಗಿ ಕೂತರು.

"ಹ್ಹೋ! ಮೈಸೂರೋ? ಹಾಗಾದರೆ ಕೇಳು ಮಾರಾಯ. ಮೈಸೂರಿನಲ್ಲಿ ಇಂಗ್ಲಿಷಿಗೆ ಜರಿಪೇಟ ಕಟ್ಟಿ ಕೂರಿಸಿದ್ದಾರೆ. ಅದು ಎದ್ದು ನಡೆಯುವುದಿಲ್ಲ! ಮದ್ರಾಸಿನಲ್ಲಿ ಅದು ಬರಿಗಾಲಿನಲ್ಲಿ ಬೀದಿಯಲ್ಲಿ ಓಡ್ತದೆ. ರಿಕ್ಷಾ ಎಳೆಯುವವನ ಬಾಯಲ್ಲಿ ಉಂಟು, ಮಲ್ಲಿಗೆ ಮಾರುವವಳ ಬಾಯಲ್ಲಿ ಉಂಟು. ನೀನು ಸಮುದ್ರದ ಬದಿಯವ. ಘಟ್ಟ ಹತ್ತಿ ನೀನು ಎಂಥ ಕಲೀತಿ? ಇಂಗ್ಲಿಷ್ ಬಂದದ್ದು ಹಡಗಿನಲ್ಲಿ ಹೌದೋ ಅಲ್ವೋ? ಹಡಗು ಬಂದು ನಿಂತದ್ದು ಎಲ್ಲಿ? ಹೇಳು! ಚಾಮುಂಡಿ ಬೆಟ್ಟದ ಮೇಲೋ?"

ಹೋಟೆಲಿನವರೆಲ್ಲ ನಕ್ಕರು. ಒಬ್ಬ ಚಪ್ಪಾಳೆ ಹೊಡೆದ. ನಾನು ಚಿಕ್ಕಪ್ಪನ ಮನೆಯ ಊಟದ ವಿಷಯ ತೆಗೆದೆ. "ಊಟಕ್ಕೆ ಹೋಗುವವ ಮದುವೆಗೆ ಹೋಗ್ಲಿ, ಟ್ರೈನಿಂಗಿಗೆ ಯಾಕೆ?" ಅಂತ ಒಂದೇ ಏಟು. ನಾನು ಸೋತೆ. ಸೋತದ್ದು ಮಾತ್ರವಲ್ಲ, ರೋಮಾಂಚನವಾಗಿ ಸೋತೆ. ಮನೆಗೆ ಹೋಗುವ ಮೊದಲೇ ಅಂಚೆಕಚೇರಿಗೆ ಹೋಗಿ ಮೈಸೂರಿಗೆ ಬರುವುದಿಲ್ಲ ಎಂದು ಕಾರ್ಡು ಬರೆದು ಹಾಕಿದೆ. ಎಂಥಾ ಉತ್ಸಾಹ ನೋಡಿ ನನ್ನದು!

ಮದ್ರಾಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಲ್ಲಿಗೆಯವಳು ತಮಿಳು ಮಾತಾಡಿದಳು, ರಿಕ್ಷಾದವ ತಮಿಳಿನಲ್ಲಿ ಬೈದ. ಕಾಲೇಜಿನಲ್ಲಿ ಕೈಯಲ್ಲಿ ಸಣ್ಣ ಕನ್ನಡಿ ಕೊಟ್ಟು ಯಾವ ಶಬ್ದಕ್ಕೆ ಬಾಯಿ ಎಷ್ಟು ತೆರೆಯಬೇಕು, ನಾಲಗೆ ಎಲ್ಲಿ ಇಡಬೇಕು ಎಂದು ಕಲಿಸಿದರು. ಮಾಡುತ್ತ ಹೇಳಬೇಕು, ಹೇಳುತ್ತ ಮಾಡಬೇಕು ಎಂಬುದು ಅಲ್ಲಿಯ ಪದ್ಧತಿ. "ಐ ಆಮ್ ಗೋಯಿಂಗ್ ಟು ದ ಡೋರ್" ಎನ್ನುತ್ತ ನಾನು ಬಾಗಿಲಿಗೆ ನಡೆದೆ, ವಾಪಸು ಬಂದೆ, ಮತ್ತೆ ನಡೆದೆ. ವರ್ಷ ಇಡೀ ನಡೆದು ಬಿ.ಟಿ. ಆದೆ.

ಊರಿಗೆ ಬಂದರೆ, ನಮ್ಮ ರಾಜ್ಯದಲ್ಲಿ ಆ ಬಿ.ಟಿ. ಇಲ್ಲಿನ ಬಿ.ಎಡ್.ಗೆ ಸಮ ಎಂದು ಮೇಲಿನಿಂದ ಒಂದು ಕಾಗದ ಆಗಬೇಕಂತೆ. ಅದು ಆಗುವವರೆಗೆ ನಾನು ಮೊದಲಿನ ಹಾಗೆ ಜೂನಿನವ, ಎಪ್ರಿಲಿನವರೆಗೆ. ಕಾಗದ ಯಾವ ಮೇಜಿನ ಮೇಲೆ ಮಲಗಿತೋ, ನಾಲ್ಕಾರು ಎಪ್ರಿಲ್ ಕಳೆದರೂ ಏಳಲಿಲ್ಲ. ಬೆಳ್ತಂಗಡಿಯ ಮಾವ "ನೋಡುವ" ಎನ್ನುವುದನ್ನೂ ಕಡಿಮೆ ಮಾಡಿದರು.

ಸಿಟ್ಟು ತಡೆಯದೆ ಒಂದು ದಿನ ಅದೇ ಹೋಟೆಲಿನಲ್ಲಿ ದೊಡ್ಡ ಮಾಷ್ಟ್ರ ಹತ್ತಿರ ಹೋಗಿ, "ಮದ್ರಾಸೇ ದೊಡ್ಡದು ಅಂತ ನೀವು ಹೇಳಿದ್ರಿ. ಈಗ ನೋಡಿ ನನ್ನ ಅವಸ್ಥೆ" ಎಂದೆ. ಅವರು ತಪ್ಪಾಯಿತು ಎನ್ನಬಹುದು ಅಂತ ಇದ್ದೆ. ಶಾಲು ಹೆಗಲು ಬದಲಿಸಿತು. "ಹ್ಹೋ! ಮದ್ರಾಸು ದೊಡ್ಡದೋ? ಯಾರು ಹೇಳಿದ್ದು? ಹಾಗಾದರೆ ಕೇಳು!" ಎಂದು ಶುರು ಮಾಡಿ, ನಮ್ಮ ಅನ್ನ ಮೈಸೂರು ಸರ್ಕಾರದ ಬಟ್ಟಲಲ್ಲಿ ಇರುವಾಗ ಮದ್ರಾಸಿಗೆ ಹೋಗಿ ಕೈ ತೊಳೆಯುವವನಷ್ಟು ದಡ್ಡ ಯಾರುಂಟು ಎಂದು ಅರ್ಧ ಗಂಟೆ ವಾದಿಸಿ ನನ್ನನ್ನು ಎರಡನೆಯ ಸಲ ಸೋಲಿಸಿದರು. ಈ ಸಲವೂ ಪಕ್ಕದ ಮೇಜಿನವ ಚಪ್ಪಾಳೆ ಹೊಡೆದ. ನನಗೆ ಅವರ ಚಾವನ್ನು ಅವರ ಕೋಟಿನ ಮೇಲೆ ಹೊಯ್ಯುವಷ್ಟು ಸಿಟ್ಟು ಬಂದಿತ್ತು.

ಗುಟ್ಟನ್ನು ಬಿಡಿಸಿ ಹೇಳಿದವರು ನಮ್ಮ ಶಾಲೆಯ ಇನ್ನೊಬ್ಬ ಇಂಗ್ಲಿಷ್ ಟೀಚರು. ಅವರು ಲಾಯಿಲದವರು. ಮೂಡುಬಿದಿರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇದ್ದುಕೊಂಡು ಶಾಲೆಗೆ ಬರುತ್ತಿದ್ದರು. ನಾನು ಮದ್ರಾಸಿಗೆ ಹೋದ ವರ್ಷವೇ ಅವರು ಮೈಸೂರಿಗೆ ಹೋಗಿ ಬಿ.ಎಡ್. ಮಾಡಿ ಬಂದಿದ್ದರು. ನನ್ನ ಗೋಳು ಕೇಳಿ ಬಾಯಿಗೆ ಸೆರಗು ಹಿಡಿದು ನಕ್ಕರು.

"ಅಯ್ಯೋ ಸರ್, ನೀವು ಮನಸ್ಸಲ್ಲಿದ್ದದ್ದನ್ನು ಯಾಕೆ ಅವರ ಹತ್ರ ಹೇಳ್ಲಿಕ್ಕೆ ಹೋದದ್ದು? ನನ್ನ ಅಪ್ಪ ಮದ್ದಳೆ ಬಾರಿಸುವವರು. ಅರ್ಥಧಾರಿಗಳು ಎಷ್ಟೋ ಜನ ನಮ್ಮ ಮನೆಯಲ್ಲಿ ಉಂಡು ಹೋಗಿದ್ದಾರೆ. ಎದುರಿನವರು ಎಂಥ ಹೇಳ್ತಾರೋ ಅದರ ಉಲ್ಟಾ ಹೇಳದಿದ್ರೆ ದೊಡ್ಡ ಮಾಷ್ಟ್ರಿಗೆ ಉಂಡದ್ದು ಜೀರ್ಣ ಆಗುವುದಿಲ್ಲ. ನನಗೆ ಮೈಸೂರು ಬೇಕಿತ್ತು, ಮನೆಯಲ್ಲಿ ದೂರ ಅಂತ ಬೇಡ ಅಂದಿದ್ರು. ನಾನು ಹೋಗಿ, ಮಾಷ್ಟ್ರೇ, ನನಗೆ ಮದ್ರಾಸೇ ಆಗ್ಬೇಕು ಅಂದೆ. ಅವರು ನನ್ನನ್ನು ಸೋಲಿಸಿ, ಮತ್ತೆ ಲಾಯಿಲಕ್ಕೇ ಬಂದು ನನ್ನ ಅಪ್ಪನನ್ನೂ ಸೋಲಿಸಿ, ಮೈಸೂರಿನ ಬಸ್ಸು ಹತ್ತಿಸಿ ಹೋದ್ರು."

ನನ್ನ ಕಣ್ಣು ಆಗ ತೆರೆಯಿತು. ಇಂಗ್ಲಿಷ್ ಕಲಿಸುವುದನ್ನು ಎಲ್ಲಿ ಕಲಿಯಬೇಕು ಎಂಬ ಪ್ರಶ್ನೆಯೇ ಅವರ ಕಿವಿಗೆ ಬಿದ್ದಿರಲಿಲ್ಲ. ಅವರಿಗೆ ಕೇಳಿಸಿದ್ದು ಭಾಗವತರ ಪದ್ಯ, ಇನ್ನು ನಿಮ್ಮ ಅರ್ಥ ಶುರುವಾಗಲಿ ಅಂತ. ಆಮೇಲೆ ನೆನಪಿಸಿ ನೋಡಿದೆ: ಸಂತೆಯಲ್ಲಿ ಸಿಕ್ಕಿದ ಆ ಮೀನಿನವ ಹುಡುಗನಾಗಿದ್ದಾಗ ಕಾಲೇಜಿಗೆ ಹೋಗುತ್ತೇನೆ ಎಂದು ಕೇಳಲು ಹೋಗಿದ್ದ, ಅವನಿಗೆ ವ್ಯಾಪಾರದ ಮಹಿಮೆ ಹೇಳಿ ಕಳಿಸಿದ್ದರು. ಹೋಟೆಲಿನ ಯಜಮಾನರ ಮಗ ಓದು ಸಾಕು, ಗಲ್ಲಾಪೆಟ್ಟಿಗೆಯ ಎದುರು ಕೂರುತ್ತೇನೆ ಎಂದಿದ್ದ, ಅವನನ್ನು ಕಾಲೇಜಿಗೆ ನೂಕಿದ್ದರು. ಅವ ಫೇಲಾಗಿ ಫೇಲಾಗಿ ಕೊನೆಗೆ ಗಲ್ಲಾಪೆಟ್ಟಿಗೆಗೇ ಬಂದ. ಇವರ ಬಾಯಿಗೆ ಸಿಕ್ಕಿ ಒಳ್ಳೆಯದಾದವರು ಒಳ್ಳೆಯದಾದದ್ದು ಬರೀ ಅದೃಷ್ಟದಿಂದ. ಅಂಥವರೇ ಸಂತಾಪ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದರು.

ದೊಡ್ಡ ಮಾಷ್ಟ್ರು ನಿವೃತ್ತರಾಗುವ ಕಾಲ ಬಂತು. ಅವರ ಹುದ್ದೆ ಪರ್ಮನೆಂಟು. ಅಷ್ಟು ಹೊತ್ತಿಗೆ ನನ್ನ ಕಾಗದವೂ ಅಂತೂ ಎದ್ದು ಬಂದಿತ್ತು. ಆ ಜಾಗಕ್ಕೆ ನಾನು ಇಲ್ಲವೇ ಲಾಯಿಲದ ಟೀಚರು, ಮೂರನೆಯವರಿಲ್ಲ. ಮ್ಯಾನೇಜರು ಯಥಾಪ್ರಕಾರ, "ಮಾಷ್ಟ್ರು ಯಾರ ಹೆಸರು ಹೇಳ್ತಾರೋ ಅವರಿಗೆ" ಎಂದರು. ಮಾವನಿಗೆ ಸುದ್ದಿ ಮುಟ್ಟಿ, ಅವರು ಬಹಳ ಕಾಲದ ನಂತರ "ನೋಡುವ" ಎಂದರಂತೆ. ಅಮ್ಮ ಹರಕೆ ಹೇಳಿಕೊಂಡರು.

ಈಗ ನಾನು ದಡ್ಡ ಅಲ್ಲವಲ್ಲ! ಆದಿತ್ಯವಾರ ಬೆಳಗ್ಗೆ ಬಸ್ಸು ಹತ್ತಿ ಬಂಟ್ವಾಳಕ್ಕೆ ಹೋದೆ. ಹೊಳೆಯ ಬದಿಗೆ ಅವರ ಮನೆ. ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನಾನು ಪೀಠಿಕೆ ಹಾಕಲೇ ಇಲ್ಲ. "ಮಾಷ್ಟ್ರೇ, ನಿಮ್ಮ ಜಾಗಕ್ಕೆ ಲಾಯಿಲದ ಟೀಚರೇ ಸರಿ" ಎಂದು ಶುರು ಮಾಡಿದೆ. ಅವರ ಉಚ್ಚಾರ ಶುದ್ಧ, ಮಕ್ಕಳು ಅವರ ಮಾತು ಕೇಳುತ್ತಾರೆ, ಅವರ ಹುಡುಗರೇ ಹೆಚ್ಚು ಪಾಸಾಗುವುದು, ನಾನಾದರೋ ಮದ್ರಾಸಿನಲ್ಲಿ ಬಾಗಿಲಿಗೆ ನಡೆಯುವುದನ್ನು ಬಿಟ್ಟು ಬೇರೆ ಕಲಿಯಲಿಲ್ಲ, ಎಂದೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಲಹರಿ ಬಂತು. ಎರಡು ಬೆರಳಿನಿಂದ ಜಗಲಿಯ ಹಲಗೆಗೆ ಟಕ್ ಟಕ್ ಹೊಡೆದೆ. ಇಷ್ಟು ಚಂದಕ್ಕೆ ನಾನು ಜನ್ಮದಲ್ಲಿ ಮಾತಾಡಿರಲಿಲ್ಲ.

ಅವರ ಶಾಲು ಹೆಗಲು ಬದಲಿಸುವುದನ್ನು ಕಾಯುತ್ತ ಕೂತೆ. ಶಾಲು ಅಲ್ಲಾಡಲಿಲ್ಲ. ದೊಡ್ಡ ಮಾಷ್ಟ್ರು ಅದುವರೆಗೆ ಎಂದೂ ಮಾಡದ ಒಂದು ಕೆಲಸ ಮಾಡಿದರು: ನನ್ನ ತಲೆಯ ಮೇಲಿಂದ ನೋಡುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡಿದರು. ಅವರ ಕಣ್ಣು ತುಂಬಿ ಬಂದಿತ್ತು.

"ನೂರಕ್ಕೆ ನೂರು ಸರಿ ಮಾರಾಯ," ಎಂದರು. "ಒಂದು ವಾರದಿಂದ ನಾನೂ ಅದನ್ನೇ ಹೇಳ್ತಾ ಇದ್ದೇನೆ."

"ಆದರೂ ಮಾಷ್ಟ್ರೇ, ಇನ್ನೊಂದು ಕಡೆಯಿಂದ ನೋಡಿದರೆ ನನಗೂ ಅನುಭವ ಉಂಟು, ನಾನೇ ಆದರೂ..." ಎಂದೆ.

ಆಗ ಶಾಲು ಹೆಗಲು ಬದಲಿಸಿತು. "ಹ್ಹೋ! ಬೇಡ! ಇಷ್ಟು ದೊಡ್ಡ ಮನಸ್ಸು ಮಾಡಿ ಬಂದವ ಈಗ ಸಂಕೋಚದಿಂದ ಅದನ್ನು ಸಣ್ಣದು ಮಾಡ್ಬೇಡ! ಹಾಗಾದರೆ ಕೇಳು, ನೀನು ಯಾಕೆ ಆಗುವುದಿಲ್ಲ ಅಂತ ನಾನು ಹೇಳ್ತೇನೆ..." ನಾನು ಯಾಕೆ ಆಗುವುದಿಲ್ಲ ಎಂಬುದನ್ನು ಊಟದ ಹೊತ್ತಿನವರೆಗೆ ಹೇಳಿದರು. ಆಮೇಲೆ ಊಟವನ್ನೂ ಹಾಕಿದರು. ನಾನು ಉಂಡೆ.

ಸೋಮವಾರ ಶಾಲೆಯಲ್ಲಿ ಲಾಯಿಲದ ಟೀಚರು ನನ್ನನ್ನು ಸ್ಟಾಫ್ ರೂಮಿನ ಮೂಲೆಗೆ ಕರೆದರು. "ನೀವು ಬಂಟ್ವಾಳಕ್ಕೆ ಹೋಗಿದ್ರಂತೆ. ನಿಜ ಹೇಳಿಬಿಡ್ತೇನೆ ಸರ್, ಬೇಜಾರು ಮಾಡ್ಬೇಡಿ. ಅದರ ಹಿಂದಿನ ಆದಿತ್ಯವಾರವೇ ನಾನು ಹೋಗಿ ಬಂದಿದ್ದೆ, ನಿಮಗೇ ಕೊಡ್ಬೇಕು ಅಂತ ಹೇಳಿ" ಎಂದರು.

ನಾನು ಹೋಗುವಷ್ಟರಲ್ಲಿ ಮಾಷ್ಟ್ರು ಟೀಚರ ಪರ ಕೂತು ಒಂದು ವಾರ ಆಗಿತ್ತು. ಒಂದು ಪ್ರಸಂಗಕ್ಕೆ ಒಂದು ಕಡೆ ಹಿಡಿದ ಅರ್ಥಧಾರಿ ನಡುವೆ ಎದ್ದು ಆಚೆ ಬದಿಗೆ ಕೂರುವುದಿಲ್ಲ ಅಂತ ಮದ್ದಳೆಯವರ ಮಗಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಸಿಟ್ಟು ಬಂತು, ಅಳು ಬಂತು, ಅದರ ನಡುವೆ ನಗೆಯೂ ಬಂತು. ಟೀಚರು ನನಗಿಂತ ಚೆನ್ನಾಗಿ ಪಾಠ ಮಾಡುತ್ತಿದ್ದರು ಎಂಬುದು ನಿಜ. ಆ ದಿನ ಅದನ್ನು ಒಪ್ಪುವುದು ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು.

ಬೀಳ್ಕೊಡುಗೆಯ ಸಭೆಯಲ್ಲಿ ಮ್ಯಾನೇಜರು ನನ್ನನ್ನು ವೇದಿಕೆಗೆ ಕರೆಸಿ ಶಾಲು ಹೊದೆಸಿದರು. ತನಗೆ ಬರಬೇಕಾದ್ದನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟ ತ್ಯಾಗಿ ಅಂತ ಮೂಡುಬಿದಿರೆ ಇಡೀ ನನ್ನನ್ನು ಹೊಗಳಿತು. ದೊಡ್ಡ ಮಾಷ್ಟ್ರು ತಮ್ಮ ಭಾಷಣದಲ್ಲಿ ನನ್ನ ಹೆಸರು ಹೇಳುವಾಗ ಗದ್ಗದಿತರಾದರು. ಹೊಗಳಿಕೆ ಹಾಗೇ ಬಸ್ಸು ಹತ್ತಿ ಬೆಳ್ತಂಗಡಿಗೂ ಮುಟ್ಟಿತು.

ಮಾವ ನಮ್ಮ ಮನೆಗೆ ಬಂದರು. ನನ್ನ ಹತ್ತಿರ ಮಾತಾಡಲಿಲ್ಲ, ಅಮ್ಮನ ಹತ್ತಿರ ಮಾತಾಡಿದರು. ತುಳುವಿನಲ್ಲಿ ಹೇಳಿದ್ದು, ಕನ್ನಡಕ್ಕೆ ತಂದರೆ ಅದರ ಖಾರ ಅರ್ಧ ಇಳಿಯುತ್ತದೆ.

"ನಿನ್ನ ಮಗ ಒಳ್ಳೆಯವನೇ ತಂಗಿ, ಊರಿಡೀ ಹೇಳ್ತದೆ. ಆದರೆ ತನಗೆ ಸಿಗುವ ಕೆಲಸವನ್ನು ಬೇರೆಯವರಿಗೆ ಕೊಡಿಸ್ಲಿಕ್ಕೆ ಬಂಟ್ವಾಳದವರೆಗೆ ಬಸ್ಸಲ್ಲಿ ಹೋಗಿ ವಾದ ಮಾಡಿ ಬರುವವನಿಗೆ ನಾನು ಹೆಣ್ಣು ಕೊಡುವುದು ಹೇಗೆ?"

ಬಾಗಿಲ ಹಿಂದೆ ನಿಂತು ನಾನು ಅದನ್ನು ಕೇಳಿದೆ. ಜೂನಿನಲ್ಲಿ ಪೆಟ್ಟಿಗೆ ಹಿಡಿದು ಸಿದ್ಧಕಟ್ಟೆಯ ಶಾಲೆಗೆ ಹೋಗುವ ಬಸ್ಸು ಹತ್ತಿದೆ.